ಮಷೀನು ನುಂಗಿದ ಗೆಳೆಯ

ಇದು ನಡೆದದ್ದೇ. ಒಂದಕ್ಷರ ಸುಳ್ಳಿದ್ದರೂ ನನ್ನ ತಲೆ ಬೋಳಾಗಲಿ. ಈಗಾಗಲೇ ಮುಕ್ಕಾಲು ಪಾಲು ಆಗಿದೆ, ಆದರೆ ಅದು ವಯಸ್ಸಿಗೆ ಆದದ್ದು, ಸುಳ್ಳಿಗಲ್ಲ.

ಎಲ್ಲಕ್ಕೂ ಕಾರಣ ನಾಲ್ಕು ಹೇನು. ಬೊಂಬು ಅನ್ನುವ ಹುಡುಗನ ತಲೆಯಿಂದ ಅವನಮ್ಮ ಬೆಳಿಗ್ಗೆ ಬಾಚಣಿಗೆಯಲ್ಲಿ ಇಳಿಸಿದ್ದು. ಹುಡುಗ ಸೋಮವಾರ ದೂರದ ಹಾಸ್ಟೆಲ್ಲಿಗೆ ಹೊರಡುವವನು.

"ಹೇನು ಹೊತ್ಕೊಂಡು ಹೋದ್ರೆ ಗೇಟಿಂದಲೇ ವಾಪಸ್ ಕಳಿಸ್ತಾರೆ. ಹತ್ತು ಗಂಟೆಗೆ ನಡಿ, ನುಣ್ಣಗೆ ಬೋಳಿಸಿಬಿಡೋಣ" ಎಂದು ಅಮ್ಮ ತೀರ್ಪು ಕೊಟ್ಟಳು.

ಬೊಂಬು ಓಡಿದ್ದು ಸೀದಾ ಮೋಟುವಿನ ಮನೆ ಹಿತ್ತಲಿಗೆ. ಇಬ್ಬರಿಗೂ ಹನ್ನೆರಡು. ಬೊಂಬು ಗಳದ ಹಾಗೆ ಉದ್ದ, ಮೋಟು ಅವನ ಸೊಂಟಕ್ಕಿಂತ ನಾಲ್ಕೇ ಬೆರಳು ಮೇಲೆ. ಒಂದನೇ ಕ್ಲಾಸಿನಿಂದ ಒಂದೇ ಬೆಂಚು. ಒಬ್ಬ ತಪ್ಪು ಮಾಡಿದರೆ ಮೇಷ್ಟ್ರು ವಿಚಾರಣೆಗೇ ಹೋಗದೆ ಇಬ್ಬರಿಗೂ ಬಾರಿಸಿ ಹೊತ್ತು ಉಳಿಸುತ್ತಿದ್ದರು.

"ಸಂಜೆ ನಾಲ್ಕಕ್ಕೆ ಏಳನೇ ಕ್ಲಾಸಿನ ಫೋಟೊ ಕಣೋ" ಎಂದು ಬೊಂಬು ಮೂಗು ಸೊರ ಸೊರ ಎಳೆದ. "ಬೋಳು ತಲೇಲಿ ನಾನು ಬರಲ್ಲ. ನೀನೊಬ್ನೇ ನಿಂತ್ಕೋ."

ಮೋಟು ಲೆಕ್ಕ ಹಾಕಿದ. ಏಳು ವರ್ಷದಲ್ಲಿ ಇಬ್ಬರೂ ಜೊತೆಗಿರುವ ಫೋಟೊ ಒಂದೂ ಇಲ್ಲ. ಸೋಮವಾರದ ಮೇಲೆ ಗೆಳೆಯನೂ ಇಲ್ಲ.

"ನಿನ್ನ ಒಂದು ಕೂದಲು ಕೊಂಕೋಕೂ ಬಿಡಲ್ಲ" ಎಂದು ಎದೆ ತಟ್ಟಿದ. ಎದೆ ಸಣ್ಣದು, ಸದ್ದು ದೊಡ್ಡದು.

ಆ ಬೀದಿಗೆ ಇದ್ದದ್ದು ಒಂದೇ ಕಟಿಂಗ್ ಅಂಗಡಿ, ಆ ಅಂಗಡಿಗೆ ಇದ್ದದ್ದು ಒಂದೇ ಕೈಮಷೀನು, ಹಿಡಿ ಹಿಂಡಿ ಹಿಂಡಿ ಕೂದಲು ತೆಗೆಯುವಂಥದ್ದು. ಮಷೀನಿಲ್ಲದಿದ್ದರೆ ಬೋಳಿಲ್ಲ. ಮೋಟು ನಡೆದ.

ಕುರ್ಚಿಯಲ್ಲಿ ಠಾಣೆಯ ದಫೇದಾರರು ಕಣ್ಣು ಮುಚ್ಚಿ ಕೂತಿದ್ದರು. ಎಡಗಡೆ ಮಷೀನು ಹೊಡೆದಾಗಿತ್ತು, ಬಲಗಡೆ ಬಾಕಿ. ಅರ್ಧ ಮೈದಾನ, ಅರ್ಧ ಕಾಡು. ಕಟಿಂಗ್ ಅಣ್ಣನಿಗೆ ಒಂದು ಚಟ: ಎರಡೂ ಕೈ ಆಡಿಸದೆ ವಾದ ಮಾಡಲು ಬಾರದು. ಎದುರಂಗಡಿಯ ಟೈಲರ್ ಕೊರಳಿಗೆ ಟೇಪು ಹಾಕಿಕೊಂಡು ಬಾಗಿಲಿಗೆ ಬಂದು, "ಆನೆ ಜಾಸ್ತಿ ದಿನ ಬದುಕುತ್ತೋ, ಆಮೆನೋ?" ಎಂದದ್ದೇ ತಡ, ಅಣ್ಣ ಮಷೀನನ್ನು ಕನ್ನಡಿ ಕೆಳಗಿನ ಹಲಗೆ ಮೇಲಿಟ್ಟು, ಎರಡು ಕೈಯೆತ್ತಿ ಆನೆಯ ಪರ ನಿಂತ.

ಮೋಟು ಕುರ್ಚಿಯ ಹಿಂದಿನಿಂದ ಕೈ ಚಾಚಿದ. ಮಷೀನು ಹಲಗೆಯಿಂದ ಚಡ್ಡಿ ಜೇಬಿಗೆ ಇಳಿಯಿತು. ಗೆದ್ದೆ ಅಂತ ಬಾಗಿಲ ಕಡೆ ತಿರುಗಿದರೆ, ಬೊಂಬುವಿನ ಕಿವಿ ಹಿಡಿದು ಅವನಮ್ಮ ಒಳಗೆ ಬರುತ್ತಿದ್ದಾಳೆ! ಅಂಗಡಿ ಮೊದಲೇ ಬೆಂಕಿಪೊಟ್ಟಣ. ಮೋಟು ಗೋಡೆಗೆ ಕ್ಯಾಲೆಂಡರಿನ ಹಾಗೆ ಅಂಟಿಕೊಂಡ.

"ಅಯ್ಯಯ್ಯೋ, ಮಷೀನೆಲ್ಲಿ?" ಅಣ್ಣ ಹಲಗೆ ತಡಕಿದ.

ದಫೇದಾರರು ಕಣ್ಣು ಬಿಟ್ಟು ಕನ್ನಡಿ ನೋಡಿದರು. ಅರ್ಧ ತಲೆ ಕಂಡು ಒಂದು ಗಳಿಗೆ ತಾವು ಯಾರೆಂದೇ ಗುರುತು ಸಿಗಲಿಲ್ಲ. "ಹನ್ನೊಂದಕ್ಕೆ ದೊಡ್ಡ ಸಾಹೇಬ್ರ ಮುಂದೆ ಟೋಪಿ ತೆಗೆದು ನಿಲ್ಬೇಕಯ್ಯಾ! ಹೀಗೆ ನಿಲ್ಲಲಾ? ಯಾರೂ ಅಲ್ಲಾಡ್ಬೇಡಿ!"

ಕೊರಳಿಗೆ ಕಟ್ಟಿದ ಬಟ್ಟೆಯಲ್ಲೇ ಎದ್ದು ವಿಚಾರಣೆಗೆ ನಿಂತರು. "ಕದ್ದವನ ಮೂಗಿನ ಮೇಲೆ ಕೂದಲು ಅಂಟಿದೆ. ನಂಗೆ ಕಾಣ್ತಿದೆ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಎಲ್ಲರೂ ಮೂಗು ಉಜ್ಜಿದರು. ಟೈಲರ್ ಎರಡು ಸಲ ಉಜ್ಜಿದ. ಕಟಿಂಗ್ ಅಂಗಡಿಯಲ್ಲಿ ಯಾರ ಮೂಗಿನ ಮೇಲೆ ಕೂದಲಿಲ್ಲ? ದಫೇದಾರರೇ ಸೀನಿದರು.

"ಸಾಹೇಬ್ರೆ, ಇವತ್ತು ಮಷೀನು ಕಳೆದ್ರೆ ಯಾರಿಗೆ ಲಾಭ, ಅದನ್ನು ಯೋಚ್ನೆ ಮಾಡಿ" ಎಂದ ಟೈಲರ್, ಟೇಪಿನ ತುದಿಯಿಂದ ಬೊಂಬುವಿನ ಕಡೆ ತೋರಿಸುತ್ತ.

ಅಮ್ಮ ಕಿವಿಯನ್ನು ಇನ್ನೊಂದು ಸುತ್ತು ತಿರುಚಿದಳು. "ನೀನೇ ಅಲ್ವೇನೋ? ಹೇಳೋ, ನನ್ನ ಮಾನ ಕಳೀಬೇಡ!"

ಬೊಂಬು ಗೋಡೆಯಲ್ಲಿದ್ದ ಮೋಟುವನ್ನು ನೋಡಿದ. ಬೆವರು, ಉಬ್ಬಿದ ಜೇಬು, ಎರಡೂ ಕಂಡವು. ಅವನಿಗೆ ಅರ್ಥವಾಗಿ ಹೋಯಿತು.

"ಹೂಂ. ನಾನೇ ಕದ್ದಿದ್ದು."

"ಎಲ್ಲಿಟ್ಟಿದೀಯ?"

ಬೊಂಬು ಅಷ್ಟು ದೂರ ಯೋಚಿಸಿರಲಿಲ್ಲ. "ನುಂಗ್ಬಿಟ್ಟೆ."

ಟೈಲರ್ ಬಗ್ಗಿ ಬೊಂಬುವಿನ ಹೊಟ್ಟೆಗೆ ಕಿವಿಯಿಟ್ಟ. ಪಕ್ಕದಲ್ಲೇ ಗೋಡೆಗೆ ಅಂಟಿದ್ದ ಮೋಟು ಭಯಕ್ಕೆ ಜೇಬಿನೊಳಗೆ ಮಷೀನನ್ನು ಹಿಂಡುತ್ತಿದ್ದ.

ಚಕ್. ಚಕ್. ಚಕ್.

"ಸಾಹೇಬ್ರೆ! ಒಳಗೆ ಓಡ್ತಿದೆ!" ಟೈಲರ್ ಹಾರಿ ಬಿದ್ದ. "ಕರುಳು ಕಟಿಂಗ್ ಆಗ್ತಿದೆ!"

"ಅಯ್ಯೋ ನನ್ನ ಕಂದಾ!" ಅಮ್ಮ ಕಿವಿ ಬಿಟ್ಟು ಮಗನ ಹೊಟ್ಟೆ ಹಿಡಿದುಕೊಂಡಳು. "ಬೆಳಿಗ್ಗೆ ಸರಿಯಾಗಿ ತಿಂಡೀನೂ ತಿಂದಿಲ್ವಲ್ಲೋ!"

"ಆಸ್ಪತ್ರೆಗೆ ನಡೀರಿ" ಎಂದರು ದಫೇದಾರರು. "ಹೊಟ್ಟೆ ಕುಯ್ಸಿ ತೆಗೆಸೋಣ. ಹನ್ನೊಂದರೊಳಗೆ ಆಗ್ಬೇಕು."

ಬೊಂಬುವಿನ ಮುಖ ಸುಣ್ಣದಂತೆ ಬಿಳುಚಿತು. ಆದರೆ ಬಾಯಿ? ಹೊಲಿದ ಹಾಗೆ ಮುಚ್ಚಿತ್ತು. ಮೋಟು ಅದನ್ನು ನೋಡಿದ. ಕಳ್ಳ ಅನ್ನಿಸಿಕೊಂಡರೆ ಅಪ್ಪ ಚರ್ಮ ಸುಲಿಯುತ್ತಾನೆ, ಬೀದಿ ಬೆರಳು ಮಾಡುತ್ತದೆ, ಸರಿ. ಆದರೆ ಇವನು ತನಗಾಗಿ ಹೊಟ್ಟೆಯನ್ನೇ ಕುಯ್ಸಿಕೊಳ್ಳಲು ಹೊರಟಿದ್ದಾನೆ!

ಒಂದೇ ನೆಗೆತಕ್ಕೆ ಖಾಲಿ ಕುರ್ಚಿಯ ಮೇಲೆ ಹತ್ತಿ ನಿಂತ.

"ಅವನಲ್ಲ! ಕದ್ದಿದ್ದು ನಾನು! ಇಗೋ!" ಎಂದು ಮಷೀನನ್ನು ಆಕಾಶಕ್ಕೆತ್ತಿದ. ಅದೊಂದು ಕ್ಷಣ ಮೋಟು ಎಲ್ಲರಿಗಿಂತ ಎತ್ತರವಾಗಿದ್ದ. ಮರುಕ್ಷಣ, ಜೇಬಿನಲ್ಲಿದ್ದಾಗ ಮಷೀನು ಚಡ್ಡಿಯ ಎಲಾಸ್ಟಿಕ್ಕನ್ನೂ ಕತ್ತರಿಸಿದೆಯೆಂದು ತಿಳಿಯಿತು. ಮಷೀನು ಮೇಲೆ ಹೋದಷ್ಟೇ ವೇಗವಾಗಿ ಚಡ್ಡಿ ಕೆಳಗೆ ಬಂತು. ಸಾಲದ್ದಕ್ಕೆ ಅದು ತಿರುಗುವ ಕುರ್ಚಿ. ಅಂಗಡಿಯಲ್ಲಿದ್ದ ಎಲ್ಲರಿಗೂ ಒಂದು ಸುತ್ತು ದರ್ಶನವಾಯಿತು.

ದಫೇದಾರರಿಗೆ ನಗು ಬಂತು, ಮೀಸೆಯಲ್ಲಿ ಮುಚ್ಚಿಕೊಂಡರು. "ಮೊದಲು ನನ್ನ ಬಲಗಡೆ ಮುಗ್ಸು. ಆಮೇಲೆ ಈ ಕಳ್ಳನ ತಲೆ ಬೋಳಿಸು, ಕೊನೆಗೆ ಆ ಸುಳ್ಳುಗಾರಂದು. ಅದೇ ಶಿಕ್ಷೆ, ಕೇಸು ಖಲಾಸ್."

ದಫೇದಾರರದು ಮುಗಿಯಿತು. ಮೋಟು ಚಡ್ಡಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತ. ಅಣ್ಣ ಒಂದು ಸಾಲು ಮಷೀನು ಓಡಿಸಿದ. ನಿಂತ. ಬಗ್ಗಿ ನೋಡಿದ.

"ಅಕ್ಕಾ, ಸ್ವಲ್ಪ ಬನ್ನಿ ಇಲ್ಲಿ. ನಿಮ್ಮ ಮಗನ ತಲೆಗೆ ಬಂದಿದ್ದು ಬರೀ ನೆಂಟರು. ಅವರ ಊರು ಇಲ್ಲಿದೆ."

ಅಮ್ಮ ಇಣುಕಿದಳು. "ಅಬ್ಬಬ್ಬಾ! ಮನೆ ಕಟ್ಕೊಂಡು ಮೊಮ್ಮಕ್ಕಳನ್ನೂ ಕಂಡಿದಾವೆ!"

ಏಳು ವರ್ಷ ಒಂದೇ ಬೆಂಚಿನಲ್ಲಿ ತಲೆಗೆ ತಲೆ ತಾಗಿಸಿ ಕೂತದ್ದರ ಫಲ. ಮೋಟು ಯಾವ ಹೇನಿನಿಂದ ಗೆಳೆಯನನ್ನು ಕಾಪಾಡಲು ಕಳ್ಳನಾದನೋ, ಆ ಹೇನು ಸಾಕ್ಷಾತ್ ಅವನದೇ.

"ಹೇನಿನ ಬೇರೇ ಸಿಕ್ಕಿದ ಮೇಲೆ ನನ್ನ ಮಗಂದು ಯಾಕೆ ಬೋಳಿಸ್ಲಿ?" ಎಂದಳು ಅಮ್ಮ. "ಅವನ ನಾಲ್ಕನ್ನೂ ಬೆಳಿಗ್ಗೆನೇ ಕುಕ್ಕಿದೀನಿ. ಸಾಹೇಬ್ರೆ, ಗೆಳೆಯನಿಗೋಸ್ಕರ ಹೊಟ್ಟೆ ಕುಯ್ಸ್ಕೊಳ್ಳೋಕೆ ಹೊರಟ ಮಗು, ಬಿಟ್ಬಿಡಿ."

ಕನ್ನಡಿಯಲ್ಲಿ ತಮ್ಮ ಎರಡೂ ಕಡೆ ಸರಿಸಮ ಕಂಡ ದಫೇದಾರರು ದೊಡ್ಡ ಮನಸ್ಸು ಮಾಡಿದರು.

ಬೊಂಬು ಒಪ್ಪಬೇಕಲ್ಲ! "ಅಣ್ಣಾ, ನಂದೂ ಬೋಳ್ಸಿ" ಎಂದು ಕುರ್ಚಿ ಹಿಡಿದ.

"ಏಯ್, ಕೈ ತೆಗಿಯೋ!" ಅರ್ಧ ಬೋಳಾದ ಮೋಟು ಗುಡುಗಿದ. "ನಿನ್ನ ಕೂದಲಿಗೋಸ್ಕರ ನಾನು ಕಳ್ಳ ಆಗಿದೀನಿ. ಅದನ್ನೂ ಬೋಳಿಸ್ಕೊಂಡ್ರೆ ಕದ್ದಿದ್ದು ದಂಡ ಆಗಲ್ವಾ?"

ಸಂಜೆ ನಾಲ್ಕಕ್ಕೆ ಶಾಲೆಯ ಅಂಗಳದಲ್ಲಿ ಫೋಟೊ. "ಮುಂದಿನ ಸಾಲಿನ ಬೋಳುಮಂಡೆ, ತಲೆ ತಗ್ಸು! ಬಿಸಿಲು ಹೊಡೀತಿದೆ" ಎಂದು ಫೋಟೊದವನು ಕೂಗಿದ. ಮೋಟು ತಗ್ಗಿಸಲಿಲ್ಲ. ಹಿಂದೆ ನಿಂತ ಬೊಂಬು ತನ್ನ ಅಗಲ ಅಂಗೈಯನ್ನು ಅದರ ಮೇಲೆ ಟೋಪಿಯ ಹಾಗೆ ಇಟ್ಟ. ಕ್ಲಿಕ್.

ಆ ಫೋಟೊ ಇವತ್ತಿಗೂ ಇದೆ. ನಲವತ್ತೊಂದು ಮಕ್ಕಳು, ನಲವತ್ತು ತಲೆ ತುಂಬ ಕೂದಲು. ಕೂದಲಿಲ್ಲದವನ ನಗುವೇ ಎಲ್ಲಕ್ಕಿಂತ ಅಗಲ. ಯುದ್ಧ ಗೆದ್ದವನೂ ಹಾಗೆ ನಗಲಾರ.

ನಂಬುವುದು ಬಿಡುವುದು ನಿಮ್ಮಿಷ್ಟ. ಆದರೆ ಕತೆ ಶುರುವಾದಾಗಿನಿಂದ ನಿಮ್ಮ ಕೈ ಹನ್ನೊಂದು ಸಲ ತಲೆಗೆ ಹೋಗಿದೆ, ನೋಡುತ್ತಲೇ ಇದ್ದೇನೆ. ಬೇಜಾರು ಮಾಡ್ಕೋಬೇಡಿ, ಸ್ವಲ್ಪ ಆ ಕಡೆ ಸರಿದು ಕೂತ್ಕೊಳ್ಳಿ.