ತೂಕ ಇಳಿಸಿ, ನೆನಪು ಉಳಿಸಿ

ತೂಕದ ಯಂತ್ರ ಹತ್ತಿ ನಿಂತವರು ನಿಜ ಹೇಳಿದ್ದನ್ನು ನಾನಂತೂ ಕಂಡಿಲ್ಲ. ಕಾಪುವಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನರ್ಸಾಗಿದ್ದ ನನಗೆ ವಾರಕ್ಕೊಂದಾದರೂ ಇಂಥ ಕಥೆ ಗ್ಯಾರಂಟಿ. ಎರಡು ಸಾವಿರದ ಐದಾರನೇ ಇಸವಿ ಇರಬೇಕು. ನಮ್ಮ ಡಾಕ್ಟ್ರು ಎಲ್ಲೋ ಓದಿಕೊಂಡು ಬಂದು, ನಲವತ್ತು ದಾಟಿದವರಿಗೆಲ್ಲ ಒಂದೇ ಮಾತು: "ಈಗ ಹೊಟ್ಟೆ ಬೆಳೆಸಿದರೆ ಮುಂದೆ ಮರೆವಿನ ಕಾಯಿಲೆ ಬರುವ ಸಾಧ್ಯತೆ ಹೆಚ್ಚು."

ನನ್ನ ಅಮ್ಮನಿಗೆ ಅದೇ ಕಾಯಿಲೆ. ನಾನು ಮಗಳು ಎಂಬುದೇ ಅವರಿಗೆ ನೆನಪಿರಲಿಲ್ಲ. ನನಗೆ ವಯಸ್ಸು ನಲವತ್ತೆಂಟು, ತೂಕ ಎಪ್ಪತ್ತೆಂಟು. ಹೆದರಿಕೆ ಆಗದೆ ಇರುತ್ತದಾ?

೧. ಪಾಲು

ಉಚ್ಚಿಲದಿಂದ ಮೀನು ಮಾರುವ ಅಕ್ಕ ಬಂದರು. "ಯಂತ್ರ ಹತ್ತಿ" ಅಂದೆ. ಚಪ್ಪಲಿ ಬಿಟ್ಟರು, ಬಳೆ ತೆಗೆದರು, ಕರಿಮಣಿಗೂ ಕೈ ಹಾಕಿದರು. ಮುಳ್ಳು ಒಂದಿಷ್ಟೂ ಇಳಿಯಲಿಲ್ಲ. ಅಕ್ಕನಿಗೆ ಸಿಟ್ಟು ಬಂತು.

"ನಾನು ಮೀನನ್ನೇ ತೂಗುವುದಿಲ್ಲ ಮಾರಾಯ್ತಿ, ಪಾಲು ಹಾಕಿ ಕಣ್ಣಂದಾಜಿನಲ್ಲಿ ಮಾರುವುದು. ನೀವು ನನ್ನನ್ನು ಎಂತಕ್ಕೆ ತೂಗುವುದು? ಕಣ್ಣಂದಾಜಿನಲ್ಲಿ ಬರೆದುಕೊಳ್ಳಿ!"

೨. ಒಪ್ಪತ್ತು

ಕಾರ್ಕಳದ ಮೇಷ್ಟ್ರೊಬ್ಬರು ಶನಿವಾರ ಒಪ್ಪತ್ತು ಮಾಡುವವರು, ಅಂದರೆ ರಾತ್ರಿ ಅನ್ನ ಮುಟ್ಟುತ್ತಿರಲಿಲ್ಲ. ತೂಕ ಇಳಿಯಲಿ ಎಂದು ವಾರವಿಡೀ ಒಪ್ಪತ್ತು ಶುರು ಮಾಡಿದರು. ತಿಂಗಳಲ್ಲಿ ಮೂರು ಕಿಲೋ ಏರಿತು.

"ರಾತ್ರಿಗೆ ಎಂತ ತಿನ್ನುತ್ತೀರಿ ಮೇಷ್ಟ್ರೇ?"

"ಅನ್ನ ಒಂದು ಅಗುಳೂ ಇಲ್ಲ! ಬರೀ ಫಲಾಹಾರ. ಆರು ಬನ್ಸು, ಒಂದು ಬಟ್ಟಲು ಸಜ್ಜಿಗೆ, ಅವಲಕ್ಕಿ, ನಾಲ್ಕು ಬಾಳೆಹಣ್ಣು."

ಡಾಕ್ಟ್ರು ಕೈಮುಗಿದು, "ದಯವಿಟ್ಟು ಊಟ ಮಾಡಿ" ಅಂದರು.

೩. ಸಾಕ್ಷಿ

ಅವರನ್ನೆಲ್ಲ ನಗಾಡಿದ್ದಕ್ಕೆ ನನಗೂ ಸರಿಯಾಗಿಯೇ ಆಯಿತು. ಅಮ್ಮನನ್ನು ತೋರಿಸಲು ಕರೆದುಕೊಂಡು ಹೋದ ದಿನ ಡಾಕ್ಟ್ರು ನನ್ನನ್ನೂ ಯಂತ್ರ ಹತ್ತಿಸಿದರು. ಎಂಬತ್ತು!

"ಡಯಟ್ ಮಾಡ್ತಾ ಇದ್ದೀರಾ?"

"ದೇವರಾಣೆ ಡಾಕ್ಟ್ರೇ, ಕರಿದದ್ದು ಮುಟ್ಟುವುದೇ ಇಲ್ಲ."

ಪಕ್ಕದಲ್ಲಿ ಕೂತಿದ್ದ ಅಮ್ಮ, ಡಾಕ್ಟ್ರನ್ನು ಪೋಸ್ಟ್‌ಮಾಸ್ಟ್ರು ಅಂದುಕೊಂಡು ದೂರು ಕೊಟ್ಟರು. "ಪೋಸ್ಟ್‌ಮಾಸ್ಟ್ರೇ, ಈ ಹೆಂಗಸು ಸುಳ್ಳು ಹೇಳ್ತಾಳೆ. ನಿನ್ನೆ ಆರು ಗೋಳಿಬಜೆ ತಂದು, ನನಗೆ ಒಂದು ಕೊಟ್ಟು, ಐದು ಅವಳೇ ತಿಂದದ್ದು!"

ನನ್ನ ಮರ್ಯಾದೆ ಹೋಯಿತು. ಆದರೂ ಎಂಥ ಖುಷಿ ಅಂತೀರಿ! ಅಮ್ಮನಿಗೆ ನಿನ್ನೆಯದು ನೆನಪುಂಟು! ರಿಕ್ಷಾದಲ್ಲಿ ಅವರ ಕೈ ಹಿಡಿದು ಆಸೆಯಿಂದ ಕೇಳಿದೆ. "ಹಾಗಾದರೆ ಹೇಳಿ ಅಮ್ಮ, ನಾನು ಯಾರು?"

ಅಮ್ಮ ನನ್ನ ಗಲ್ಲ ಹಿಡಿದು ಮುಖ ತಿರುಗಿಸಿ ನೋಡಿದರು.

"ಅದು ಗೊತ್ತಿಲ್ಲ. ಯಾರಾದರೂ ಆಗು, ನಾಳೆ ತಂದರೆ ಮೂರು-ಮೂರು ಪಾಲು ಮಾಡು."