ಬೆಣ್ಣೆ ದೋಸೆಗೆ ಬಂದ ಸವತಿ

ದಿನಾ ಬೆಳಗ್ಗೆ ಗಂಡನ ಕೈ ಮೂಸಿ ನೋಡುವ ಗತಿ ನನಗೆ ಬಂದಿತ್ತು. ವಾಕಿಂಗ್ ಅಂತ ಹೊರಡುವವರು ನಮ್ಮ ದಾವಣಗೆರೆಯ ಕೆ.ಬಿ. ಬಡಾವಣೆಯನ್ನೆಲ್ಲ ಸುತ್ತಿ ಬೆಣ್ಣೆಗೈಯಲ್ಲಿ ಮನೆಗೆ ಬರುತ್ತಿದ್ದರು. ಡಾಕ್ಟರು "ಕೆಂಚವೀರಪ್ಪನವರೆ, ರಕ್ತದಾಗ ಕೊಬ್ಬು ಭಾಳ ಐತೆ, ಬೆಣ್ಣೆ ದೋಸೆ ಬಂದ್ ಮಾಡ್ರಿ" ಅಂದಿದ್ದರು. ಇವರಿಗೆ ಕೇಳಿಸಿದ್ದು ಬೆಣ್ಣೆ ದೋಸೆ ಅನ್ನುವುದಷ್ಟೇ.

"ಕೈ ತೋರಿಸ್ರಿ," ಅಂತ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದೆ.

"ಸೋಪು ಹಚ್ಚಿ ತೊಳ್ಕಂಡೀನಿ."

"ವಾಕಿಂಗ್ ಹೋದೋರು ಸೋಪು ಯಾಕ ಹಚ್ಚಿದ್ರಿ?"

ಅಲ್ಲಿಗೆ ವಿಚಾರಣೆ ಮುಗಿಯುತ್ತಿತ್ತು. (ಅವರು ಬಿ.ಕಾಂ. ಓದಿದವರು, ನಾನು ಎರಡನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಆದರೂ ಸಿಕ್ಕಿಬೀಳುವವರು ಅವರೇ.)

ಭಾನುವಾರ ಮನೆಮಂದಿಗೆ ದೋಸೆ ಪಾರ್ಸೆಲ್ ತರುವ ಪದ್ಧತಿ ಮಾತ್ರ ನಿಂತಿರಲಿಲ್ಲ. ತರುವವರು ಅವರು, ತಿನ್ನುವವರು ನಾವು. ಡಾಕ್ಟರು ನನಗೇನೂ ಹೇಳಿರಲಿಲ್ಲವಲ್ಲ!

ಕೊನೆಗೆ ಉಪಾಯ ತೆಗೆದವಳು ಹರಿಹರದಿಂದ ಬಂದ ನಮ್ಮ ಸೊಸೆ ಕೃತಿಕಾ. "ಅತ್ತೆ, ಬ್ಯಾಡ ಬ್ಯಾಡ ಅಂದಷ್ಟೂ ಮಾವಂಗೆ ಆಸೆ ಜಾಸ್ತಿ. ದೋಸೆ ಮರೆಯೋವಂಥದ್ದು ಮಾಡಿಕೊಡಾಣ. ಮೆಡಿಟರೇನಿಯನ್ ಪಿಜ್ಜಾ. ಮೈದಾ ಇಲ್ಲ, ಬೆಣ್ಣೆ ಇಲ್ಲ, ತರಕಾರಿ ತುಂಬ, ಒಂಚೂರು ಆಲಿವ್ ಎಣ್ಣೆ."

ಪೇಪರಿನ ಹಿಂದಿನಿಂದ ಯಜಮಾನರ ದನಿ ಬಂತು. "ಹಂಗಂದ್ರೆ ಏನವ್ವ?"

"ಅದೊಂದು ಸಮುದ್ರ ಮಾವ. ಅದರ ಸುತ್ತಮುತ್ತಲಿನ ಊರವರ ಊಟ. ಅವರ ಹಾರ್ಟು ಭಾಳ ಗಟ್ಟಿಯಂತೆ."

"ನಿಮ್ಮೂರಾಗ ತುಂಗಭದ್ರೆ ಹರೀತಾಳಲ್ಲ, ಆಕೆ ಸುತ್ತಮುತ್ತಲಿನವರ ಹಾರ್ಟಿಗೆ ಏನಾಗೈತೆ?"

"ಆಕೆ ಪಕ್ಕದಾಗೆ ದಾವಣಗೆರೆ ಐತಲ್ರಿ, ಅದೇ ಆಗಿರೋದು," ಅಂದೆ.

ಯಜಮಾನರಿಗೆ ಊರಭಿಮಾನ ಉಕ್ಕಿತು. ಪೇಪರ್ ಮಡಚಿ ಘೋಷಣೆ ಹೊರಡಿಸಿದರು. "ಭಾನುವಾರ ಮಾಡ್ರಿ. ಅದು ಗೆದ್ರೆ ಬೆಣ್ಣೆ ದೋಸೆ ಈ ಹೊಸ್ತಿಲು ದಾಟಂಗಿಲ್ಲ. ಸೋತ್ರೆ ನೀನು ನನ್ನ ಕೈ ಮೂಸಂಗಿಲ್ಲ."

"ಒಪ್ಪಿದೆ!" ಅಂದುಬಿಟ್ಟೆ, ರಣರಂಗಕ್ಕೆ ಹೊರಟವಳ ಹಾಗೆ.

ಭಾನುವಾರ ಕೃತಿಕಾ ಗೋಧಿ ಹಿಟ್ಟಿಗೆ ಜೋಳದ ಹಿಟ್ಟು ಬೆರೆಸಿ, ಯೀಸ್ಟು ಹಾಕಿ, ತರಕಾರಿ ತರಲು ಹೊರಟಳು. "ಉಗುರುಬೆಚ್ಚಗಿನ ನೀರಾಗೆ ಕಲಸಿಡ್ರಿ ಅತ್ತೆ. ಚೆನ್ನಾಗಿ ಉಬ್ಬುತ್ತೆ."

ನನ್ನ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿತು. ಕೈ ಕೇಳಿಸಿಕೊಳ್ಳಲಿಲ್ಲ. ಜೋಳದ ಹಿಟ್ಟು ಕಂಡದ್ದೇ ತಡ, ಕುದಿಯುವ ಎಸರು ಸುರಿದು, ತಿರುವಿ, ರೊಟ್ಟಿ ಹಿಟ್ಟಿನ ಹಾಗೆ ನಾದಿ ಇಟ್ಟುಬಿಟ್ಟಿತು.

ಕೃತಿಕಾ ಬಂದು, ಸ್ವಲ್ಪ ಹೊತ್ತು ಕಾದು, ಮುಚ್ಚಿದ ಬಟ್ಟೆ ಎತ್ತಿದಳು. ಹಿಟ್ಟು ಸಿಟ್ಟು ಮಾಡಿಕೊಂಡ ಬೀಗರ ಹಾಗೆ ಕೂತಲ್ಲೇ ಕೂತಿತ್ತು.

"ಅತ್ತೆ, ಬಿಸಿನೀರಿಗೆ ಯೀಸ್ಟು ಸತ್ತೋಗೈತೆ!"

"ಅಯ್ಯೋ ಶಿವನೆ! ಅದಕ್ಕೆ ಜೀವ ಇತ್ತೇನೆ? ಸಸ್ಯಾಹಾರಿ ಅಂದಿದ್ಯಲ್ಲೆ!"

ಇತ್ತ ಯಜಮಾನರು ಖುಷಿಯಿಂದ ಚಪ್ಪಲಿ ಮೆಟ್ಟುತ್ತಿದ್ದರು. "ಪಾಪ, ಸತ್ತಿದ್ದಕ್ಕೆ ಅಳಬ್ಯಾಡ್ರಿ. ನಾನು ಪಾರ್ಸೆಲ್ ತರ್ತೀನಿ."

"ಸುಮ್ನೆ ಕೂಡ್ರಿ!" ಅಂದೆ.

ಉಬ್ಬದಿದ್ದರೆ ಬೇಡ, ತಟ್ಟಲು ಬರುತ್ತಲ್ಲ. ತೆಳ್ಳಗೆ ತಟ್ಟಿ, ಹಂಚಿನ ಮೇಲೆ ಒಂದು ಮಗ್ಗುಲು ಬೇಯಿಸಿ ಮಗುಚಿದೆ. ಕೃತಿಕಾ ಮೇಲೆ ಬೆಳ್ಳುಳ್ಳಿ ಹಾಕಿದ ಟೊಮ್ಯಾಟೊ ಗೊಜ್ಜು ಸವರಿ, ದೊಣ್ಣೆಮೆಣಸಿನಕಾಯಿ, ಈರುಳ್ಳಿ, ಪಾಲಕ್, ಚೂರು ಪನೀರು ಉದುರಿಸಿದಳು. ಆಮೇಲೆ ಆಲಿವ್ ಕಾಯಿ. (ನೋಡಲು ನೇರಳೆ ಹಣ್ಣು, ಬಾಯಿಗಿಟ್ಟರೆ ಹಳೇ ಉಪ್ಪಿನಕಾಯಿ.) ಅವಳು ಆ ಕಡೆ ತಿರುಗಿದಾಗ ನಾನು ಚಿಟಿಕೆ ಶೇಂಗಾ ಚಟ್ನಿಪುಡಿ ಉದುರಿಸಿ ಮುಚ್ಚಳ ಮುಚ್ಚಿದೆ. ಆ ಸಮುದ್ರದವರು ಕ್ಷಮಿಸಲಿ.

ಘಮಲಿಗೆ ಪಕ್ಕದ ಮನೆ ಖತೀಜಾಬೀ ಕಾಂಪೌಂಡ್ ಮೇಲಿಂದ ಇಣುಕಿದಳು. "ನಿರ್ಮಲಕ್ಕಾ, ಏನದು ವಾಸ್ನೆ?" ಅಂತ ಕೇಳುತ್ತಲೇ ಒಳಗೆ ಬಂದು, ಪಂದ್ಯದ ಕತೆ ಕೇಳಿಸಿಕೊಂಡು ಕೂತಳು.

ಯಜಮಾನರು ಮೊದಲ ತುಂಡು ಕಚ್ಚಿದರು. ಕರುಂ ಅಂತು. ಎರಡನೆಯದೂ ಕರುಂ ಅಂತು. ಮೂರನೆಯದಕ್ಕೆ ಕೈ ಚಾಚಿದಾಗ ಖತೀಜಾಬೀ ತಟ್ಟೆ ಎಳೆದುಕೊಂಡಳು. "ಅರೆ ಅಣ್ಣಾರೆ, ತೀರ್ಪು ಹೇಳಿ ತಿನ್ರಿ!"

"ಸೋತೆ," ಅಂದರು ಯಜಮಾನರು, ಬಾಯಿ ತುಂಬಿಕೊಂಡೇ.

ಆಹಾ! ಅವತ್ತಿನಿಂದ ನನ್ನ ಕೀರ್ತಿ ಎಸ್.ಎಸ್. ಬಡಾವಣೆವರೆಗೂ ಹಬ್ಬಿತು. ಬಂದವರಿಗೆಲ್ಲ ಯಜಮಾನರೇ ಹೇಳುವುದು, "ಎಸರು ಹಾಕೇ ನಾದಬೇಕ್ರಿ, ಅದೇ ಗುಟ್ಟು."

ಮರುಭಾನುವಾರ ತಟ್ಟೆ ಹಾಕಿಕೊಂಡು ಕಾದು ಕೂತೆ. ಯಜಮಾನರು ಬರಿಗೈಯಲ್ಲಿ ಬಂದರು.

"ಪಾರ್ಸೆಲ್ ಎಲ್ರಿ?"

"ಯಾವ ಪಾರ್ಸೆಲ್? ಹೊಸ್ತಿಲು ದಾಟಂಗಿಲ್ಲ ಅಂತ ಮಾತಾಗೈತಲ್ಲ. ಏಳು, ಪಿಜ್ಜಾ ತಟ್ಟು."

ತಟ್ಟಿದೆ. ತಟ್ಟುವಾಗಲೇ ಕಾಂಪೌಂಡಿನ ಆಚೆಯಿಂದ ಬೆಣ್ಣೆಯ ಪರಿಮಳ ಬಂತು. ಖತೀಜಾಬೀ ಮನೆಗೆ ಪಾರ್ಸೆಲ್ ಬಂದಿತ್ತು. ಅವಳ ತಟ್ಟೆಯೊಂದು ನಮ್ಮಲ್ಲೇ ಉಳಿದಿರುವುದು ನನಗೆ ಆಗಲೇ ನೆನಪಾಗಬೇಕೆ! ಕೊಟ್ಟು ಬರುತ್ತೇನೆಂದು ಹೋದೆ. ತಟ್ಟೆ ಕೊಡಲು ಸ್ವಲ್ಪ ಹೊತ್ತು ಹಿಡಿಯಿತು. (ಎರಡು ದೋಸೆಯಷ್ಟು ಹೊತ್ತು.)

ವಾಪಸ್ ಬಂದರೆ, ಯಜಮಾನರು ಬಾಗಿಲಿಗೆ ಅಡ್ಡ ನಿಂತಿದ್ದಾರೆ.

"ಕೈ ತೋರ್ಸು."

"ಸೋಪು ಹಚ್ಚಿ ತೊಳ್ಕಂಡೀನ್ರಿ."

"ತಟ್ಟೆ ಕೊಡಾಕ ಹೋದೋಳು ಸೋಪು ಯಾಕ ಹಚ್ಚಿದೆ?"