ಭಾವನವರೂ ಹಿತ್ತಲ ದರೆಯೂ

ನಮ್ಮ ಭಾವನವರಿಗೆ ದೇವರ ಮೇಲೆ ನಂಬಿಕೆ ಇದೆ. ಕಾಫಿ ವ್ಯಾಪಾರಿಗಳನ್ನು ಬಿಟ್ಟರೆ ಮನುಷ್ಯರ ಮೇಲೂ ಸುಮಾರಾಗಿ ಇದೆ. ಇಲ್ಲದಿರುವುದು ಮಣ್ಣಿನ ಮೇಲೆ ಮಾತ್ರ! ಹುಟ್ಟಿದ್ದು ಗುಡ್ಡದ ಮೇಲೆ, ಬೆಳೆದದ್ದು ಗುಡ್ಡದ ಮೇಲೆ, ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಆಗಿ ದುಡಿದು ನಿವೃತ್ತರಾದದ್ದೂ ಗುಡ್ಡದ ಮೇಲೆ. ಅಂಥವರು ಗುಡ್ಡವನ್ನು ಜೇಬುಗಳ್ಳನನ್ನು ನೋಡುವ ಹಾಗೆ ನೋಡಿದರೆ ಹೇಗೆ, ನೀವೇ ಹೇಳಿ?

ಭಾವ ಎಂದರೆ ನನ್ನ ಗಂಡನ ಅಣ್ಣ. ಮದುವೆಯಾಗಲಿಲ್ಲ, ಯಜಮಾನರು, ನಾನು, ಮಗಳು ಇರುವ ನಮ್ಮ ಮನೆಯಲ್ಲೇ ಇದ್ದಾರೆ. ಮನೆ ಇರುವುದು ಗೋಣಿಬೀಡಿನಿಂದ ಸ್ವಲ್ಪ ಒಳಗೆ. ಜಾಗ ಸಾಲದಾದಾಗ ಮನೆಯನ್ನು ಮುಂದಕ್ಕೆ ಬೆಳೆಸಬಹುದಿತ್ತು. ಆದರೆ ಮುಂದಿರುವುದು ಕಾಫಿ ಒಣಗಿಸುವ ಕಣ. ಅದನ್ನು ಯಾರಾದರೂ ಮುಟ್ಟುತ್ತಾರೆಯೇ? ಜೆಸಿಬಿ ತರಿಸಿ, ಹಿಂದಿನ ಗುಡ್ಡ ಕಡಿಸಿ, ಅಲ್ಲಿ ಅಡುಗೆಮನೆ ಮತ್ತು ಒಂದು ಕೋಣೆ ಕಟ್ಟಿಸಿದೆವು. ಈ ಕಡೆ ಎಲ್ಲರೂ ಮಾಡುವುದು ಹಾಗೆಯೇ. ಕಾಫಿ ಬೀಜಕ್ಕೆ ಬಿಸಿಲು ಸಿಗಲಿ, ಮನುಷ್ಯರು ಗುಡ್ಡದ ಹೊಟ್ಟೆಯೊಳಗೆ ಹೋದರೂ ಪರವಾಗಿಲ್ಲ! ಕಡಿದ ಮೇಲೆ ಹಿಂದೆ ಉಳಿದದ್ದು ಹೆಂಚಿಗಿಂತ ಎತ್ತರಕ್ಕೆ ಕಡಿದಾಗಿ ನಿಂತ ಮಣ್ಣಿನ ಗೋಡೆ, ನಮ್ಮ ಕಡೆಯ ಮಾತಿನಲ್ಲಿ ದರೆ. ಭಾವನವರ ಕಾಯಿಲೆ ಶುರುವಾದದ್ದು ಅಲ್ಲಿಂದ.

ಮಳೆ ಹಿಡಿಯಿತೆಂದರೆ ಸರಿ, ಬೆಳಗ್ಗೆ ಎದ್ದವರೇ ಕೊಡೆ ಹಿಡಿದು ದರೆಯ ಮುಂದೆ ಹಾಜರು. ಅಂಗೈ ಇಟ್ಟು ನೋಡುತ್ತಾರೆ. ಎಲ್ಲಾದರೂ ಬಿರುಕು ಬಿಟ್ಟಿದೆಯೇ, ಮೇಲಿನ ಸಿಲ್ವರ್ ಮರ ವಾಲಿದೆಯೇ, ಜಿನುಗುವ ನೀರು ತಿಳಿಯೋ ಕೆಂಪೋ ಎಲ್ಲ ಪರೀಕ್ಷೆಯಾಗಬೇಕು. ಕಾಫಿಗೆ ಬಂದು ಕೂತು, "ಇವತ್ತು ನೀರು ತಿಳಿ ಉಂಟಮ್ಮ. ಕೆಂಪಾದ್ರೆ ಒಳಗೆ ಮಣ್ಣು ಕರಗ್ತಾ ಉಂಟು ಅಂತ, ಆಗ ಒಂದು ಕ್ಷಣವೂ ನಿಲ್ಬಾರ್ದು" ಎನ್ನುತ್ತಾರೆ. ನನಗೆ ಜ್ವರ ಬಂದಾಗ ದೂರದಿಂದಲೇ "ಕಷಾಯ ಕುಡಿ" ಎಂದು ಹೇಳಿ ಮುಗಿಸಿದ ಮಹಾನುಭಾವರು ಇವರೇ. ದರೆಗಾದರೆ ದಿನಾ ಕೈ ಮುಟ್ಟಿ ನೋಡುವ ಉಪಚಾರ!

ಒಮ್ಮೆ ಸೌದೆ ಕೊಟ್ಟಿಗೆಗೆ ಹೊದಿಸಿದ್ದ ಟಾರ್ಪಾಲೇ ಮಾಯ. ಗಾಳಿಗೆ ಹಾರಿತೆಂದು ತೋಟವೆಲ್ಲ ಹುಡುಕಿಸಿ ಬಂದು ನೋಡುತ್ತೇನೆ, ಅದು ದರೆಯ ನೆತ್ತಿಯ ಮೇಲೆ ಅಚ್ಚುಕಟ್ಟಾಗಿ ಹಾಸಿಕೊಂಡಿದೆ, ನಾಲ್ಕು ಮೂಲೆಗೂ ಕಲ್ಲು ಬೇರೆ.

"ಭಾವ, ನನ್ನ ಸೌದೆ ಎಲ್ಲ ನೆನೀತಲ್ಲ!"

"ಸೌದೆ ನೆನೆದ್ರೆ ಹೊಗೆ ಬರುತ್ತಮ್ಮ, ಅಷ್ಟೆ. ದರೆ ನೆನೆದ್ರೆ ದರೆಯೇ ಬರುತ್ತೆ."

ಆ ಮಳೆಗಾಲವಿಡೀ ದರೆ ಬೆಚ್ಚಗೆ ಮಲಗಿತ್ತು, ನಾನು ಒದ್ದೆ ಸೌದೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡೆ. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಯಜಮಾನರಿಗೆ ಹೇಳಿದರೆ, "ನೀನುಂಟು, ಅಣ್ಣ ಉಂಟು" ಎಂದು ಮೊಬೈಲಿನೊಳಗೆ ಮುಖ ಹುದುಗಿಸಿದರು.

ಮನೆಯೊಳಗಿನ ಮಾತು ಬಿಡಿ, ಹೊರಗೂ ಮಾನ ಉಳಿಸಲಿಲ್ಲ. ನಾದಿನಿಯ ಮಗಳಿಗೆ ಕಳಸದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನ ಮನೆ ನೋಡಲು ಹೋದೆವು. ಒಳ್ಳೆಯ ಜನ, ಒಳ್ಳೆಯ ಉಪಚಾರ. ಎಲ್ಲರೂ ಹಲಸಿನ ಹಪ್ಪಳ ಮುರಿಯುತ್ತಾ ಹುಡುಗನ ಓದು, ತೋಟ, ಗುಣ ವಿಚಾರಿಸುತ್ತಿದ್ದರೆ ನಮ್ಮ ಭಾವನವರ ಪತ್ತೆಯೇ ಇಲ್ಲ! ಆಮೇಲೆ ಹಿತ್ತಲ ಬಾಗಿಲಿನಿಂದ, ಪಂಚೆಗೆಲ್ಲ ಕೆಸರು ಮೆತ್ತಿಕೊಂಡು ಒಳಗೆ ಬಂದರು.

"ಹುಡುಗ ಒಳ್ಳೆಯವನೇ. ಆದ್ರೆ ದರೆ ಸರಿ ಇಲ್ಲ."

ನನಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು. ಹಾಗೆಂದು ಬಾಯಿ ಬಿಟ್ಟು ಹೇಳಿದ್ದರೆ ಅದನ್ನೂ ಎಲ್ಲಿ ಪರೀಕ್ಷಿಸಲು ಹೊರಡುತ್ತಿದ್ದರೋ! ಹುಡುಗನ ತಂದೆಯ ಮುಖ ಸಣ್ಣದಾಯಿತು. ಸಂಬಂಧ ಮುರಿಯಿತೆಂದೇ ಎಲ್ಲರೂ ಪೆಚ್ಚಾಗಿ ಮನೆಗೆ ಬಂದೆವು. ಮರುದಿನವೇ ಅವರಿಂದ ಫೋನು: "ಸ್ವಲ್ಪ ರೈಟರಿಗೆ ಕೊಡಿ. ಮೇಲಿನ ನೀರು ಹೋಗೋಕೆ ಚರಂಡಿ ಯಾವ ಕಡೆ ತೆಗೀಬೇಕು ಅಂತ ಕೇಳ್ಬೇಕಿತ್ತು." ಹೀಗೆ ನಮ್ಮ ಹುಡುಗಿಗೆ ಮೊದಲು ಚರಂಡಿ, ಆಮೇಲೆ ನಿಶ್ಚಿತಾರ್ಥ ಆಯಿತು.

ಇಷ್ಟೆಲ್ಲ ಮಾಡಿಸಿದ ನಮ್ಮ ದರೆಯಿಂದ ಇವತ್ತಿನವರೆಗೆ ಒಂದು ಬುಟ್ಟಿ ಮಣ್ಣೂ ಬಿದ್ದಿಲ್ಲ. ಬಿದ್ದಿದ್ದರೆ ಅವರ ಮರ್ಯಾದೆಯಾದರೂ ಉಳಿಯುತ್ತಿತ್ತು!

ಕಳೆದ ಆಷಾಢದಲ್ಲಿ ಮಳೆ ಹಗಲೆನ್ನದೆ ಇರುಳೆನ್ನದೆ ಸುರಿಯಿತು. ಮೇಲಿನ ರಸ್ತೆಯ ತಿರುವಿನಲ್ಲಿ ಮಣ್ಣು ಜಾರಿ ಬಸ್ಸು ನಿಂತಿತು. ಭಾವನವರು ಹೊಸ ಕಾನೂನು ಹೊರಡಿಸಿದರು: ಹಿಂದಿನ ಕೋಣೆಗೆ ಯಾರೂ ಕಾಲಿಡಬಾರದು, ಮಲಗುವುದು ಜಗಲಿಯಲ್ಲಿ, ಅಡುಗೆಯೂ ಜಗಲಿಯಲ್ಲೇ. ಜಗಲಿಯಲ್ಲಿ ಒಗ್ಗರಣೆ ಹಾಕುವ ಮನೆಯನ್ನು ನೀವೆಲ್ಲಾದರೂ ಕಂಡಿದ್ದೀರಾ? ಮಾತಾಡಿಸಲು ಬಂದವರಿಗೆ ಮೊದಲು ಕಾಣುವುದು ಕಡುಬಿನ ಪಾತ್ರೆ, ಅದರ ಹಿಂದೆ ನಾನು! ಅದೂ ಸಾಲದೆಂದು ದಿನಾ ಒಂದೇ ರಾಗ. "ಮಳೆ ಇಳಿಯೋವರೆಗೆ ವಸ್ತಾರೆಗೆ ಹೋಗಮ್ಮ, ನಿನ್ನ ತಂಗಿ ಮನೆಗೆ. ಅಲ್ಲಿ ಗುಡ್ಡ ಇಲ್ಲ."

"ಮಳೆಗಾಲವೆಲ್ಲ ತಂಗಿ ಮನೇಲಿ ಕೂತು ಉಣ್ಣೋಕೆ ನಮಗೇನು ಮನೆಮಠ ಇಲ್ವಾ?" ಎಂದೆ. ಸಿಟ್ಟು ಬರದೆ ಇರುತ್ತದೆಯೇ? ನಮ್ಮನ್ನು ಜಗಲಿಯ ಚಳಿಗೆ ತಳ್ಳಿ, ತಾವು ಕಣದ ಆಚೆ ಕೊನೆಯ ಗೋದಾಮಿನಲ್ಲಿ ಮಲಗುತ್ತೇನೆಂದು ಹೇಳಿದ್ದರು. ಕಾಫಿ ಮೂಟೆಗಳ ನಡುವೆ ಬೆಚ್ಚಗೆ ಗೊರಕೆ ಹೊಡೆಯುತ್ತಾರೆಂದು ನಾನು ಹೊಟ್ಟೆ ಉರಿದುಕೊಂಡದ್ದಕ್ಕೆ ಲೆಕ್ಕವಿಲ್ಲ.

ಒಂದು ಬೆಳಗ್ಗೆ ಉಪ್ಪಿನಕಾಯಿ ಭರಣಿ ತರಲೆಂದು, ಕಾನೂನು ಮುರಿದು, ಸದ್ದಿಲ್ಲದೆ ಹಿಂದಿನ ಕೋಣೆಯ ಬಾಗಿಲು ತಳ್ಳಿದೆ. ಒಳಗೆ ಭಾವನವರು! ದರೆಯ ಕಡೆಯ ಗೋಡೆಗೆ ಒತ್ತಿಕೊಂಡು ಹಾಸಿಗೆ. ಗೋಡೆಗೆ ಕಿವಿ ಹಚ್ಚಿ ಕೂತಿದ್ದಾರೆ. ಮಗ್ಗುಲಲ್ಲಿ ನಮ್ಮ ದೇವರ ಮನೆಯ ಜಾಗಟೆ.

"ಇದೆಂತದು ಭಾವ? ನಮ್ಮನ್ನೆಲ್ಲ ಮುಂದಕ್ಕೆ ಅಟ್ಟಿ ನೀವು ದಿನಾ ಇಲ್ಲಿ ಮಲಗೋದಾ?"

ಕದ್ದು ಸಿಕ್ಕಿಬಿದ್ದವರ ಹಾಗೆ ತಲೆ ಕೆರೆದುಕೊಂಡರು. "ಗೋದಾಮಿಗೆ ಏನೂ ಕೇಳ್ಸಲ್ಲಮ್ಮ. ಕುಸಿಯೋ ಮುಂಚೆ ಕೆಲವು ಸಲ ಒಳಗೆ ಬೇರು ಹರಿಯೋ ಸದ್ದು ಬರುತ್ತೆ. ಯಾರಾದ್ರೂ ಒಬ್ರು ಕೇಳ್ಬೇಕಲ್ಲ. ಕೇಳಿದ ತಕ್ಷಣ ಜಾಗಟೆ ಬಾರಿಸ್ತೀನಿ. ನೀವೆಲ್ಲ ಕಣ ದಾಟಿ ಓಡ್ಬಹುದು."

"ನಾವು ಓಡ್ತೀವಿ. ನೀವು?"

ಇದೆಂಥ ಪ್ರಶ್ನೆ ಎಂಬಂತೆ ನನ್ನ ಮುಖ ನೋಡಿದರು. "ನಾನು ಬಾರಿಸ್ತಾ ಇರ್ತೀನಲ್ಲಮ್ಮ."

ನನಗೆ ಅಂಥ ಸಿಟ್ಟು ಯಾವತ್ತೂ ಬಂದಿರಲಿಲ್ಲ. ಜಾಗಟೆ ಕಿತ್ತುಕೊಂಡೆ. "ನಿಮಗೇನು ಬುದ್ಧಿ ಉಂಟಾ, ಭಾವ? ನೀವು ಹೋದ್ಮೇಲೆ ನಾವು ಉಳಿದು ಎಂತ ಮಾಡೋದು?" ಎಂದು ಕೂಗಾಡಿದೆ. ಕೂಗುತ್ತಾ ಕೂಗುತ್ತಾ ಅತ್ತುಬಿಟ್ಟೆ. ಯಜಮಾನರೂ ಮಗಳೂ ಗಾಬರಿಯಾಗಿ ಓಡಿ ಬಂದರು. "ಜೀಪಿಗೆ ಹೇಳ್ರೀ. ಇವತ್ತೇ ವಸ್ತಾರೆಗೆ" ಎಂದೆ.

ಜೀಪು ಬಂತು. ಭಾವನವರು ಕೊಡೆ ಹಿಡಿದು ನಿಂತು ಅಭ್ಯಾಸದಂತೆ, "ಹತ್ತಮ್ಮ, ನೀವೆಲ್ಲ ಹತ್ತಿ. ನಾನು ಬಾಗಿಲು ಭದ್ರ ಮಾಡಿ ಆಮೇಲೆ..." ಎಂದು ಶುರು ಮಾಡಿದರು.

"ಬಾಗಿಲು ಆಗಿದೆ. ಮೊದಲು ನೀವು ಹತ್ತಿ."

"ನೀನು ಮಳೇಲಿ ನೆನೀತಿದ್ದೀಯಮ್ಮ."

"ನೆನೀತೀನಿ ಭಾವ. ನೀವು ಹತ್ತಿ ಕೂರೋವರೆಗೆ ನಾನು ಇಲ್ಲಿಂದ ಕದಲಲ್ಲ."

ಭಾವನವರು ಕೊಡೆ ಮಡಚಿ, ಹತ್ತಿ ಕೂತರು. ಆಮೇಲೆ ನಾನು ಹತ್ತಿದೆ.